ಆಫ್‌ರೋಡ್ ಗಾಡಿಗೆ ಟ್ರಾನ್ಸ್‌ಫರ್ ಕೇಸ್: ರೇಶಿಯೋ ನೋಡೋಕ್ ಮುಂಚೆ ಹೌಸಿಂಗ್ ಯಾವ ಕಡೆ ಇದೆ ನೋಡಿ

ಹಳೇ ಜೀಪೋ ಜಿಪ್ಸಿಯೋ ತಂದು ಬಿಲ್ಡ್ ಮಾಡೋಕೆ ಕೂತವರು ಟೈರು, ಲಾಕರ್ (ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋದು), ವಿಂಚ್ ಎಲ್ಲಾ ಮಾತಾಡಿ ಮುಗಿಸಿ ಕೊನೇಲಿ ಕೇಳೋದು ಒಂದೇ, ಟಿ-ಕೇಸ್, ಅಂದ್ರೆ ಟ್ರಾನ್ಸ್‌ಫರ್ ಕೇಸ್, ಯಾವುದು ಬೆಸ್ಟು ಗುರೂ ಅಂತ. ಬೆಸ್ಟು ಅಂತ ಒಂದು ಇದ್ದಿದ್ರೆ ಎಲ್ಲರೂ ಅದನ್ನೇ ಹಾಕ್ಕೊಂಡಿರ್ತಿದ್ರು. ಟಿ-ಕೇಸ್ ಗಾಡಿ ಮಧ್ಯದಲ್ಲಿ ಕೂರೋ ಸಾಮಾನು, ಅದರ ಒಂದು ಕಡೆ ಗೇರ್‌ಬಾಕ್ಸ್, ಇನ್ನೊಂದು ಕಡೆ ಎರಡು ಪ್ರೊಪೆಲರ್ ಶಾಫ್ಟ್, ಅದರ ತುದೀಲಿ ಎರಡು ಹೌಸಿಂಗ್ (ಆಕ್ಸಲ್ ಕೂರೋ ಕವಚ), ಹೌಸಿಂಗ್ ತುದೀಲಿ ಟೈರು. ಇಷ್ಟೂ ಜನ ಸೇರಿ ಟಿ-ಕೇಸ್ ಯಾವುದು ಅಂತ ತೀರ್ಮಾನ ಮಾಡ್ತಾರೆ, ನೀವಲ್ಲ. ಅದಕ್ಕೇ ನಾನು ಹೇಳೋದು, ಇದನ್ನ ಆರಿಸೋದು ಕೊನೇಗೆ. ಆಕ್ಸಲ್ ಯಾವುದು, ಟೈರ್ ಎಷ್ಟು ಇಂಚು, ಇಂಜಿನ್ ಗೇರ್‌ಬಾಕ್ಸ್ ಯಾವುದು ಅಂತ ಫೈನಲ್ ಆಗ್ದೆ ಗುಜರೀಲಿ ಚೆನ್ನಾಗಿರೋ ಟಿ-ಕೇಸ್ ಸಿಕ್ತು ಅಂತ ಹೊತ್ಕೊಂಡು ಬಂದ್ರೆ ಅದು ಶೆಡ್ ಮೂಲೇಲೇ ಕೂರತ್ತೆ.

ಕೆಲಸ ಏನು ಅಂತ ಎರಡೇ ಮಾತಲ್ಲಿ ಹೇಳಿಬಿಡ್ತೀನಿ. ಗೇರ್‌ಬಾಕ್ಸಿಂದ ಬರೋ ಶಕ್ತೀನ ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ಹಂಚೋದು ಒಂದು, ಲೋ ಹಾಕಿದಾಗ ಸ್ಪೀಡ್ ಕಮ್ಮಿ ಮಾಡಿ ಎಳೆಯೋ ಶಕ್ತಿ ಜಾಸ್ತಿ ಮಾಡೋದು ಇನ್ನೊಂದು. ಥಾರ್‌ನಲ್ಲಿ ಲೋ ರೇಶಿಯೋ 2.48 ಅಂತ ಬರೆದಿರತ್ತಲ್ಲ, ಅಂದ್ರೆ ಗೇರ್‌ಬಾಕ್ಸ್ ಶಾಫ್ಟ್ ಹತ್ತಿರ ಹತ್ತಿರ ಎರಡೂವರೆ ಸುತ್ತು ತಿರುಗಿದ್ರೆ ಪ್ರೊಪೆಲರ್ ಶಾಫ್ಟ್ ಒಂದೇ ಸುತ್ತು ತಿರುಗತ್ತೆ, ಎಳೆಯೋ ಶಕ್ತಿ ಅಷ್ಟು ಪಟ್ಟು ಜಾಸ್ತಿ ಆಗತ್ತೆ.

ಎಲ್ಲರೂ ತಲೆ ಕೆಡಿಸ್ಕೊಳ್ಳೋದು ಈ ರೇಶಿಯೋ ಮೇಲೇನೇ, ಹಾಗಾಗಿ ಮೊದಲು ಅದನ್ನೇ ಮುಗಿಸೋಣ. ಟಿ-ಕೇಸ್ ರೇಶಿಯೋ ಒಂದನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ, ನೋಡಬೇಕಾಗಿರೋದು ಕ್ರಾಲ್ ರೇಶಿಯೋ. ಫಸ್ಟ್ ಗೇರ್ ರೇಶಿಯೋ, ಟಿ-ಕೇಸ್ ಲೋ, ಆಕ್ಸಲ್ ಒಳಗಿರೋ ಗೇರ್ ಜೋಡಿ ಕ್ರೌನ್ ಪಿನಿಯನ್ ರೇಶಿಯೋ, ಈ ಮೂರನ್ನೂ ಗುಣಿಸಿದ್ರೆ ಬರೋ ನಂಬರು. ಹಳೇ ವಿಲ್ಲೀಸ್ ಸಿಜೆ-3ಬಿ ತಗೊಳ್ಳಿ, ಮಹೀಂದ್ರಾದವರು ವರ್ಷಗಟ್ಟಲೆ ಇಲ್ಲಿ ಮಾಡಿ ಮಾರಿದ ಜೀಪು. ಅದರ ಟಿ-90 ಗೇರ್‌ಬಾಕ್ಸ್ ಫಸ್ಟು 2.798, ಡೇನಾ 18 ಟಿ-ಕೇಸ್ ಲೋ 2.46, ಕ್ರೌನ್ ಪಿನಿಯನ್ 5.38, ಗುಣಿಸಿದ್ರೆ ಸುಮಾರು 37. ಜಿಪ್ಸಿಯ ಅಣ್ಣತಮ್ಮ ಅನ್ನಬಹುದಾದ ಸುಜುಕಿ ಸ್ಯಾಮುರಾಯ್ 1.3ದು ಫಸ್ಟು 3.652, ಲೋ 2.268, ಆಕ್ಸಲ್ 3.727, ಒಟ್ಟು ಸುಮಾರು 31. ನಿಮ್ಮ ಜಿಪ್ಸಿಯ ಕ್ರೌನ್ ಪಿನಿಯನ್ ಬೇರೆ ಇರಬಹುದು, ಹಲ್ಲು ಎಣಿಸಿ ನೀವೇ ಗುಣಿಸ್ಕೊಳ್ಳಿ, ನಾನು ಇಲ್ಲಿ ಸ್ಯಾಮುರಾಯ್ ಲೆಕ್ಕಾನೇ ಇಟ್ಕೊಂಡು ಹೋಗ್ತೀನಿ.

ಸ್ಯಾಮುರಾಯ್ ಟಿ-ಕೇಸ್‌ಗೆ ಹೊರಗಡೆ 4.16, 4.9, ಇನ್ನೂ ಮುಂದೆ ಹೋಗಿ 6.4ರ ಹತ್ತಿರದ ಲೋ ಗೇರ್ ಸೆಟ್ ಸಿಗತ್ತೆ. 31 ಇಂಚಿನ ಟೈರ್ ಹಾಕಿದ್ದೀರಿ ಅಂದ್ಕೊಳ್ಳಿ, ಒಂದು ಸುತ್ತಿಗೆ ಗಾಡಿ ಸುಮಾರು 2.47 ಮೀಟರ್ ಮುಂದೆ ಹೋಗತ್ತೆ. ಸ್ಟಾಕ್ ಲೋ ಫಸ್ಟಲ್ಲಿ ಇಂಜಿನ್ 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಇದ್ರೆ ಗಾಡಿ ಗಂಟೆಗೆ 3.8 ಕಿಮೀ, ಅಂದ್ರೆ ಪಕ್ಕದಲ್ಲಿ ಒಬ್ರು ಆರಾಮಾಗಿ ನಡ್ಕೊಂಡು ಬರೋ ಸ್ಪೀಡು. 4.16 ಹಾಕಿದ್ರೆ ಕ್ರಾಲ್ ರೇಶಿಯೋ 56ರ ಮೇಲಾಗಿ ಅದೇ ಐಡ್ಲಿಂಗ್‌ನಲ್ಲಿ 2 ಕಿಮೀ ಚಿಲ್ಲರೆ. 6.4 ಹಾಕಿದ್ರೆ 87, ಗಾಡಿ 1.4 ಕಿಮೀಗೆ ಇಳಿಯತ್ತೆ. ಬಂಡೆ ಮೇಲೆ ಒಂದೊಂದೇ ಚಕ್ರ ಇಟ್ಕೊಂಡು ಹತ್ತೋದಾದ್ರೆ ಇದು ಸ್ವರ್ಗ, ಕ್ಲಚ್ ಮುಟ್ಟೋ ಹಾಗೇ ಇಲ್ಲ, ಆಕ್ಸಿಲರೇಟರ್ ಬಿಟ್ರೂ ಗಾಡಿ ತನ್ನಷ್ಟಕ್ಕೆ ಹತ್ಕೊಂಡು ಹೋಗತ್ತೆ.

ಈಗ ಅದೇ ಲೆಕ್ಕಾನ ಮಳೆಗಾಲದ ಸಕಲೇಶಪುರಕ್ಕೋ ಕೊಡಗಿಗೋ ತಗೊಂಡು ಹೋಗಿ. ಇಂಜಿನ್ನ 3000 ಆರ್‌ಪಿಎಂಗೆ ಏರಿಸಿದ್ರೆ ಸ್ಟಾಕ್ ಗಾಡಿ ಚಕ್ರ ಗಂಟೆಗೆ 14 ಕಿಮೀ ಲೆಕ್ಕದಲ್ಲಿ ತಿರುಗತ್ತೆ, 4.16ರಲ್ಲಿ ಸುಮಾರು 8, 6.4ರಲ್ಲಿ ಐದೇ ಐದು. ಕೆಸರಲ್ಲಿ ಟೈರು ಹಿಡಿಯೋದೇ ತಿರುಗಿ ಮಣ್ಣನ್ನ ಹೊರಗೆ ಎಸೆದಾಗ, ಐದು ಕಿಮೀ ಸ್ಪೀಡಲ್ಲಿ ಲಗ್ಗುಗಳ (ಟೈರ್ ಮೇಲಿನ ಉಬ್ಬು ಗಟ್ಟಿಗಳ) ಸಂದೀಲಿ ಜೇಡಿ ಮಣ್ಣು ಅಂಟ್ಕೊಂಡು ಟೈರು ನುಣ್ಣಗಾಗಿಬಿಡತ್ತೆ, ಆಮೇಲೆ ಅದು ಎಷ್ಟು ದುಬಾರಿ ಮಡ್ ಟೈರ್ ಆದ್ರೂ ಅಷ್ಟೇ. ಸೆಕೆಂಡೋ ಥರ್ಡೋ ಹಾಕಬಹುದಲ್ಲ ಅಂತೀರಿ, ಹೌದು ಹಾಕಬಹುದು, ಹೊರಡೋಕ್ ಮುಂಚೇನೇ ಸರಿಯಾದ ಗೇರ್ ಹಾಕ್ಕೊಂಡು ನುಗ್ಗಿದ್ರೆ ಸರಿ. ಮಧ್ಯೆ ಗೇರ್ ಬದಲಾಯಿಸೋಕೆ ಕ್ಲಚ್ ಒತ್ತಿದ ಅರ್ಧ ಸೆಕೆಂಡಲ್ಲಿ ಗಾಡಿಯ ಓಟ ಸತ್ತು ಅಲ್ಲೇ ಕೂರತ್ತೆ.

ನಾನು ನೋಡಿದ ಹಾಗೆ ನಮ್ಮವರು ಎಡವೋದು ಇಲ್ಲೇ. ಓದೋದೆಲ್ಲಾ ಅಮೆರಿಕಾದವರು ಬರೆದಿದ್ದು, ಅವರು ಬರೆಯೋದು ಒಣ ಬಂಡೆ ಮೇಲೆ ಓಡಿಸೋ ಗಾಡಿ ಬಗ್ಗೆ, ಅಲ್ಲಿ ಕ್ರಾಲ್ ರೇಶಿಯೋ ನೂರು ಅಂದ್ರೂ ಜಾಸ್ತಿ ಅನ್ಸಲ್ಲ. ನಮ್ಮ ಮಲೆನಾಡಿನ ಜಾರು ಮಣ್ಣು, ಎಸ್ಟೇಟ್ ರೋಡು, ಹಳ್ಳ ದಾಟೋ ಜಾಗಗಳಿಗೆ ಮ್ಯಾನುಯಲ್ ಗೇರ್‌ಬಾಕ್ಸ್ ಇದ್ರೆ 40ರಿಂದ 60ರ ಒಳಗೆ ಎಲ್ಲಾದ್ರೂ ಇದ್ರೆ ಧಾರಾಳ ಅನ್ನೋದು ನನ್ನ ಲೆಕ್ಕ. ಆಟೋಮ್ಯಾಟಿಕ್ ಆದ್ರೆ ಇನ್ನೂ ಕಮ್ಮಿ ಸಾಕು, ಯಾಕಂದ್ರೆ ಟಾರ್ಕ್ ಕನ್ವರ್ಟರ್ ಹೊರಡುವಾಗ ತಾನೇ ಹತ್ತಿರ ಹತ್ತಿರ ಎರಡು ಪಟ್ಟು ಟಾರ್ಕ್ ಏರಿಸಿ ಕೊಡತ್ತೆ. ರಾಮನಗರದ ಕಡೆ ಬಂಡೆ ಹತ್ತಿಸೋದೇ ನಿಮ್ಮ ಚಟ ಅಂದ್ರೆ ಮಾತು ಬೇರೆ.

ಲೋ ಜಾಸ್ತಿ ಮಾಡಿದ್ರೆ ಇನ್ನೊಂದು ಬಿಲ್ಲೂ ಬರತ್ತೆ. ಇಂಜಿನ್ ಟಾರ್ಕು 100 ನ್ಯೂಟನ್ ಮೀಟರ್ ಇದೆ ಅಂದ್ಕೊಂಡ್ರೆ ಸ್ಟಾಕ್ ಲೋ ಫಸ್ಟಲ್ಲಿ ಟಿ-ಕೇಸಿಂದ ಹೊರಗೆ ಬರೋದು ಸುಮಾರು 830, 4.16 ಹಾಕಿದ್ರೆ 1520, 6.4 ಹಾಕಿದ್ರೆ 2340. ಇಂಜಿನ್ ಅದೇ, ಆದ್ರೆ ಪ್ರೊಪೆಲರ್ ಶಾಫ್ಟು, ಅದರ ತುದೀಲಿ ಬಾಗೋ ಜಾಯಿಂಟಿನ ಕ್ರಾಸು, ಆಕ್ಸಲ್ ಶಾಫ್ಟು, ಮುಂದಿನ ಚಕ್ರದ ಒಳಗಿರೋ ಜಾಯಿಂಟು, ಇವೆಲ್ಲದಕ್ಕೂ ಹೊರೆ ಮೂರು ಪಟ್ಟು ಹತ್ತಿರ ಹೋಯ್ತು. ಚಕ್ರ ಜಾರಿದ್ರೆ ಬಚಾವು, ಎರಡು ಬಂಡೆ ಮಧ್ಯೆ ಸಿಕ್ಕೊಂಡು ಲಾಕರ್ ಆನ್ ಇದ್ರೆ ಯಾವುದು ವೀಕೋ ಅದು ಕಟ್ ಆಗತ್ತೆ. ಆಕ್ಸಲ್‌ಗೆ ದುಡ್ಡು ಹಾಕೋಕೆ ಆಗದವರು ಲೋ ಗೇರ್‌ಗೆ ಹಾಕೋದ್ರಲ್ಲಿ ಅರ್ಥ ಇಲ್ಲ.

ರೇಶಿಯೋ ಕತೆ ಇಷ್ಟು. ಆದ್ರೆ ಅದಕ್ಕಿಂತ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ, ಮುಂದಿನ ಹೌಸಿಂಗ್‌ನಲ್ಲಿ ಡಿಫರೆನ್ಶಿಯಲ್ (ಚಿಕ್ಕದಾಗಿ ಡಿಫ್, ಶಕ್ತೀನ ಎರಡು ಚಕ್ರಕ್ಕೆ ಹಂಚೋದು) ಗುಂಡು ಯಾವ ಕಡೆ ಇದೆ, ಎಡಕ್ಕೋ ಬಲಕ್ಕೋ. ಟಿ-ಕೇಸ್‌ನ ಮುಂದಿನ ಔಟ್‌ಪುಟ್ಟೂ ಅದೇ ಕಡೆ ಇರಬೇಕು, ಇಲ್ಲಾಂದ್ರೆ ಪ್ರೊಪೆಲರ್ ಶಾಫ್ಟ್ ಇಂಜಿನ್ ಸಂಪ್ ಕೆಳಗೆ ಅಡ್ಡ ಹಾಯಬೇಕಾಗತ್ತೆ, ಅದು ಆಗೋ ಮಾತಲ್ಲ. ಇಲ್ಲಿ ಒಂದು ಗೊಂದಲ ಇದೆ ನೋಡಿ, ಅಮೆರಿಕಾದವರು ಡ್ರೈವರ್ ಸೈಡ್ ಡ್ರಾಪ್, ಪ್ಯಾಸೆಂಜರ್ ಸೈಡ್ ಡ್ರಾಪ್ ಅಂತ ಬರೀತಾರೆ, ಅವರ ಡ್ರೈವರ್ ಕೂರೋದು ಎಡಕ್ಕೆ, ನಮ್ಮೋನು ಬಲಕ್ಕೆ. ಹಾಗಾಗಿ ಅವರ ಪ್ಯಾಸೆಂಜರ್ ಸೈಡ್ ಅಂದ್ರೆ ನಮ್ಮ ಡ್ರೈವರ್ ಸೈಡ್. ಆ ಪದಗಳನ್ನೇ ಬಿಟ್ಟು ಎಡ ಬಲ ಅಂತ್ಲೇ ಬರ್ಕೊಳ್ಳಿ, ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡ್ತಾ ಇದ್ರೆ ಯಾವ ಕಡೆ ಅಂತ.

ಸಿಜೆ ಜೀಪುಗಳಲ್ಲಿ 1986ರವರೆಗೂ ಮುಂದಿನ ಡಿಫ್ ಬಲಕ್ಕೆ ಇತ್ತು, 1987ರಲ್ಲಿ ವೈಜೆ ರ‍್ಯಾಂಗ್ಲರ್ ಬಂದಾಗ ಎಡಕ್ಕೆ ಹೋಯ್ತು. ನಮ್ಮ ಹಳೇ ಮಹೀಂದ್ರಾ ಜೀಪುಗಳು ಸಿಜೆ ವಂಶದವು, ಅವುಕ್ಕೆ ರ‍್ಯಾಂಗ್ಲರ್ ಎನ್‌ಪಿ231 ಟಿ-ಕೇಸ್ ಎಷ್ಟೇ ಚೆನ್ನಾಗಿದ್ರೂ ಹಾಗ್ಹಾಗೇ ಹೊಂದಲ್ಲ. ಹಿಂದಿನ ಆಕ್ಸಲ್ ವಿಷಯಾನೂ ಇದೆ. ಡೇನಾ 18ರಲ್ಲಿ ಮುಂದಿನ ಹಿಂದಿನ ಔಟ್‌ಪುಟ್ ಎರಡೂ ಬಲಗಡೆ ಒಂದೇ ಸಾಲಲ್ಲಿ ಇರತ್ತೆ, ಅದಕ್ಕೇ ಆ ಜೀಪುಗಳ ಹಿಂದಿನ ಡಿಫ್ಫೂ ಬಲಕ್ಕೆ ಸರಿದಿರೋದು. ಆಮೇಲೆ ಬಂದ ಡೇನಾ 20, ಡೇನಾ 300ರಲ್ಲಿ ಹಿಂದಿನ ಔಟ್‌ಪುಟ್ ಗೇರ್‌ಬಾಕ್ಸ್ ನೇರಕ್ಕೆ ಹೊರಗೆ ಬರತ್ತೆ, ಅದಕ್ಕೆ ಮಧ್ಯದಲ್ಲಿ ಡಿಫ್ ಇರೋ ಆಕ್ಸಲ್ ಬೇಕು. ಹಳೇ ಜೀಪಿಗೆ ಡೇನಾ 300 ಹಾಕ್ತೀನಿ ಅನ್ನೋರು ಹಿಂದಿನ ಆಕ್ಸಲ್ ಬದಲಾಯಿಸೋ ಖರ್ಚನ್ನೂ ಜೊತೆಗೇ ಬರ್ಕೋಬೇಕು. ತಮಾಷೆ ಅಂದ್ರೆ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲೂ ಎರಡು ಡಿಫ್ಫೂ ಬಲಕ್ಕೇ ಇರತ್ತೆ, ಅದರ ಎಲ್‌ಟಿ230 ಟಿ-ಕೇಸ್ ಈ ಒಂದು ವಿಷಯದಲ್ಲಿ ಹಳೇ ಜೀಪಿಗೆ ಹತ್ತಿರ.

ಗೇರ್‌ಬಾಕ್ಸ್ ಬೆನ್ನಿಗೆ ಬೋಲ್ಟ್ ಆಗಿ ಕೂರೋ ಟಿ-ಕೇಸ್ ಒಂದು ಥರ, ಜಿಪ್ಸೀಲಿ ಇರೋ ಹಾಗೆ ಗೇರ್‌ಬಾಕ್ಸಿಂದ ದೂರ ಕೂತು ಮಧ್ಯೆ ಒಂದು ಗಿಡ್ಡ ಶಾಫ್ಟ್ ಇರೋದು ಇನ್ನೊಂದು ಥರ. ಇಂಜಿನ್ ಬದಲಾಯಿಸೋ ಪ್ಲ್ಯಾನ್ ಇರೋರಿಗೆ ಈ ಎರಡನೇದು ವರ. ಯಾವ ಇಂಜಿನ್ ಗೇರ್‌ಬಾಕ್ಸ್ ತಂದ್ರೂ ಆ ಗಿಡ್ಡ ಶಾಫ್ಟನ್ನ ಲೇತಲ್ಲಿ ಅಳತೆಗೆ ಮಾಡಿಸಿದ್ರೆ ಕೆಲಸ ಆಯ್ತು, ಅಡಾಪ್ಟರ್ ಪ್ಲೇಟ್ ಗೋಳೇ ಇಲ್ಲ. ಬೋಲ್ಟ್ ಆಗಿ ಕೂರೋದಾದ್ರೆ ಬೋಲ್ಟ್ ತೂತುಗಳ ಅಳತೆ, ಗೇರ್‌ಬಾಕ್ಸ್ ಔಟ್‌ಪುಟ್ ಶಾಫ್ಟಿನ ಹಲ್ಲು, ಟಿ-ಕೇಸ್ ಇನ್‌ಪುಟ್ ಹಲ್ಲು ಎಲ್ಲಾ ಹೊಂದಬೇಕು. ಒಂದೇ ಹೆಸರಿನ ಟಿ-ಕೇಸಲ್ಲೇ ವ್ಯತ್ಯಾಸ ಇರತ್ತೆ, ಎನ್‌ಪಿ231ರ ಇನ್‌ಪುಟ್ 21 ಹಲ್ಲಿಂದೂ ಇದೆ 23 ಹಲ್ಲಿಂದೂ ಇದೆ, ಜಿಎಂ ಗಾಡಿಗಳ ಎನ್‌ಪಿ205ರಲ್ಲಿ 10, 27, 32 ಮೂರೂ ಸಿಗತ್ತೆ. ಫೋಟೋ ನೋಡಿ ಆರ್ಡರ್ ಮಾಡೋರು ಒಂದ್ಸಲ ಮಾರೋನ ಹತ್ರ ಹಲ್ಲು ಎಣಿಸಿ ಹೇಳು ಅಂತ ಕೇಳಿ.

ಜಿಪ್ಸಿ ಥರದ ಕೇಸಿನ ವೀಕ್ ಪಾಯಿಂಟ್ ಅದರ ಮೌಂಟು. ಮೂರು ಕಡೆ ರಬ್ಬರ್ ಬುಷ್ ಮೇಲೆ ಕೂತಿರತ್ತೆ. ಪರೀಕ್ಷೆ ಮಾಡೋದು ಸುಲಭ, ಗಾಡಿ ಮೂತೀನ ಒಂದು ಗಟ್ಟಿ ಮರಕ್ಕೆ ಆನಿಸಿ, ಫೋರ್ ಲೋ ಫಸ್ಟ್ ಹಾಕಿ ಒಬ್ರು ನಿಧಾನಕ್ಕೆ ಕ್ಲಚ್ ಬಿಡ್ಲಿ, ಇನ್ನೊಬ್ರು ಪಕ್ಕದಿಂದ, ಗಾಡಿ ಕೆಳಗೆ ನುಗ್ಗದೆ, ಬಗ್ಗಿ ನೋಡಿ. ಟಿ-ಕೇಸ್ ಒಂದು ಕಡೆ ಎದ್ದು ವಾಲ್ಕೊಳ್ಳೋದು ಕಣ್ಣಿಗೇ ಕಾಣತ್ತೆ. ಸ್ಟಾಕ್ ಲೋದಲ್ಲೇ ಹೀಗೆ ಕುಣಿಯೋ ಕೇಸಿಗೆ 4.16 ಗೇರ್ ಹಾಕಿದ್ರೆ ಮೌಂಟಿನ ಕೈ ಮುರಿಯೋದೇ, ಹಾಗಾಗಿ ಲೋ ಗೇರ್ ಜೊತೆಗೆ ಗಟ್ಟಿ ಮೌಂಟೂ ಮಾಡಿಸೋದು ಅಂತ ಇಟ್ಕೊಳ್ಳಿ.

ಜಿಪ್ಸಿಯವರಿಗೆ ಕಮ್ಮಿ ಖರ್ಚಿನ ದಾರಿ ಒಂದಿದೆ. ಸುಜುಕಿಯದೇ ಹಳೇ ಎಸ್‌ಜೆ410ರ ಟಿ-ಕೇಸ್ ಹೈ (ಸಾಮಾನ್ಯ ರೋಡಿಗೆ ಹಾಕೋದು) ಸುಮಾರು 1.58, ಲೋ 2.51, 1.3 ಗಾಡೀದು ಹೈ 1.409, ಲೋ 2.268. ಅಂದ್ರೆ ಹಳೇದರ ಗೇರ್ ಹಾಕಿದ್ರೆ ಹೈ ಲೋ ಎರಡರ ರೇಶಿಯೋನೂ ಹತ್ತು ಹನ್ನೆರಡು ಪರ್ಸೆಂಟ್ ಜಾಸ್ತಿ ಆಗತ್ತೆ, ದೊಡ್ಡ ಟೈರ್ ಹಾಕಿ ಕಳ್ಕೊಂಡ ಪಿಕಪ್ಪು ಸುಮಾರಾಗಿ ವಾಪಸ್ ಬರತ್ತೆ. ಬಂಡೆ ಹತ್ತೋಕೆ ಇದು ಸಾಲಲ್ಲ, ಆದ್ರೆ ಊರಿಂದ ಎಸ್ಟೇಟಿಗೆ ಓಡಾಡೋ, ವಾರದ ಕೊನೇಲಿ ಕೆಸರಿಗೆ ಇಳಿಯೋ ಗಾಡಿಗೆ ನನ್ನ ಕೇಳಿದ್ರೆ ಇಷ್ಟೇ ಸಾಕು. ಸ್ಪೀಡೋಮೀಟರ್ ಕೇಬಲ್ ಟಿ-ಕೇಸಿಂದಾನೇ ಹೋಗೋದ್ರಿಂದ ಅದರ ರೀಡಿಂಗನ್ನೂ ಜಿಪಿಎಸ್ ಜೊತೆ ಒಂದ್ಸಲ ತಾಳೆ ನೋಡಿ.

ಗೇರಿನದ್ದೋ ಚೈನಿನದ್ದೋ ಅನ್ನೋ ಜಗಳ ಮುಗಿಯೋದೇ ಇಲ್ಲ. ಡೇನಾ 18, ಡೇನಾ 300, ಎನ್‌ಪಿ205, ಎಲ್‌ಟಿ230 ಇವೆಲ್ಲ ಪೂರ್ತಿ ಗೇರ್ ಮೇಲೆ ನಡೆಯೋವು. ಎನ್‌ಪಿ231, ಬೋರ್ಗ್‌ವಾರ್ನರ್ 1356 ಇವುಗಳಲ್ಲಿ ಮುಂದಿನ ಔಟ್‌ಪುಟ್‌ಗೆ ಶಕ್ತಿ ಹೋಗೋದು ಅಗಲವಾದ ಚೈನಲ್ಲಿ. ಚೈನಿಂದು ಹಗುರ, ಸದ್ದು ಕಮ್ಮಿ, ರೋಡಲ್ಲಿ ಹಿತ. ಆದ್ರೆ ಹಳೇ ಸೈಕಲ್ ಚೈನ್ ಥರ ಕಾಲ ಕಳೆದ ಹಾಗೆ ಜೋಲತ್ತೆ, ಜೋರು ಬಿದ್ದಾಗ ಹಲ್ಲು ಹಾರಿ ಟಕ್ ಟಕ್ ಅನ್ನತ್ತೆ. ಗೇರಿಂದು ಭಾರ, ಗುಂಯ್ ಅಂತ ಸದ್ದು, ಆದ್ರೆ ಒದೆ ತಿನ್ನತ್ತೆ. ಎನ್‌ಪಿ205 ಅಂತೂ ಬೀಡು ಕಬ್ಬಿಣದ ದಿಮ್ಮಿ, ಅರವತ್ತು ಕೆಜಿ ಮೇಲೆ ತೂಗತ್ತೆ, ಲೋ ಮಾತ್ರ 1.96 ಅಷ್ಟೇ. ಅದಕ್ಕೇ ಅಮೆರಿಕಾದಲ್ಲಿ ಎನ್‌ಪಿ203ರ ಲೋ ಡಬ್ಬಿ ಬಿಚ್ಚಿ 205ರ ಮುಂದೆ ಕಟ್ಟಿ ಎರಡು ಲೋ ಗುಣಿಸ್ಕೋತಾರೆ, ಹತ್ತಿರ ಹತ್ತಿರ ನಾಲ್ಕಾಗತ್ತೆ. ಅದು ಉದ್ದದ ಟ್ರಕ್ಕಿಗೆ ಸರಿ. 80 ಇಂಚು ವೀಲ್‌ಬೇಸಿನ ಜೀಪಿಗೆ ಹಾಗೆ ಮಾಡಿದ್ರೆ ಹಿಂದಿನ ಪ್ರೊಪೆಲರ್ ಶಾಫ್ಟಿಗೆ ಜಾಗಾನೇ ಉಳಿಯಲ್ಲ, ಉಳಿದ ಗೇಣುದ್ದದ ಶಾಫ್ಟು ಕಡಿದಾದ ಕೋನದಲ್ಲಿ ತಿರುಗಿ ಕ್ರಾಸ್ ತಿಂದು ಹಾಕತ್ತೆ. ಲಿಫ್ಟ್ ಮಾಡಿದ ಗಾಡೀಲಂತೂ ಒಂದೊಂದು ಇಂಚೂ ಮುಖ್ಯ. ರ‍್ಯಾಂಗ್ಲರ್‌ನವರು ಎನ್‌ಪಿ231ರ ಹಿಂದಿನ ಉದ್ದ ಬಾಲ ತೆಗೆದು ಗಿಡ್ಡ ಶಾಫ್ಟ್ ಕಿಟ್ ಹಾಕೋದು ಇದೇ ಕಾರಣಕ್ಕೆ. ನಮ್ಮಲ್ಲಿ ಸಿಗೋ ಸಾಧಾರಣ ಇಂಜಿನ್‌ಗಳಿಗೆ ಒಳ್ಳೇ ಕಂಡೀಶನ್‌ನಲ್ಲಿರೋ ಚೈನ್ ಕೇಸ್ ಯಾವ ತೊಂದರೇನೂ ಕೊಡಲ್ಲ, ಗೇರ್ ಡ್ರೈವೇ ಬೇಕು ಅನ್ನೋದು ಅರ್ಧ ಪ್ರತಿಷ್ಠೆ.

ಫುಲ್ ಟೈಮಾ ಪಾರ್ಟ್ ಟೈಮಾ ಅಂದ್ರೆ, ಬರೀ ಆಫ್‌ರೋಡ್ ಗಾಡಿಗೆ ಪಾರ್ಟ್ ಟೈಮೇ. ಅದರಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಲಾಕ್ ಆಗಿರತ್ತೆ, ಟಾರ್ ರೋಡಲ್ಲಿ ಹಾಗೇ ತಿರುಗಿಸಿದ್ರೆ ಎಲ್ಲಾ ಬಿಗಿದ್ಕೊಂಡು ಲಿವರ್ ಹೊರಗೇ ಬರಲ್ಲ. ಎಲ್‌ಟಿ230 ಥರದ ಫುಲ್ ಟೈಮಲ್ಲಿ ಮಧ್ಯೆ ಒಂದು ಡಿಫ್ ಇರೋದ್ರಿಂದ ಒದ್ದೆ ಘಾಟಿ ರೋಡಲ್ಲೂ ನಾಲ್ಕು ಚಕ್ರ ಓಡಿಸಬಹುದು, ಬೇಕಾದಾಗ ಆ ಡಿಫ್ ಲಾಕ್ ಮಾಡ್ಕೋಬಹುದು, ಲೋ ಕೂಡ 3.32, ಹಾಗಾಗಿ ರೋಡಲ್ಲೂ ಜಾಸ್ತಿ ಓಡೋ ಗಾಡಿಗೆ ಒಳ್ಳೇದು. ಇನ್ನು ಎರಡು ಲಿವರ್ ವಿಷಯ. ಹಳೇ ಜೀಪುಗಳಲ್ಲಿ ಫ್ರಂಟ್ ಆಕ್ಸಲ್‌ಗೆ ಒಂದು, ಹೈ ಲೋಗೆ ಒಂದು ಲಿವರ್ ಇರೋದು ಎಲ್ಲರೂ ನೋಡಿರ್ತೀರಿ. ಒಳಗೆ ಒಂದು ಸಣ್ಣ ಇಂಟರ್‌ಲಾಕ್ ಗುಳಿಗೆ ಇರತ್ತೆ, ಫ್ರಂಟ್ ಸೇರಿಸದೆ ಲೋ ಹಾಕೋಕೆ ಬಿಡಲ್ಲ, ಅದನ್ನ ತೆಗೆದ್ರೆ ಟೂ ವೀಲ್ ಲೋ ಸಿಗತ್ತೆ, ಇಕ್ಕಟ್ಟಿನ ತಿರುವಲ್ಲಿ ಸ್ಟೇರಿಂಗ್ ಹಗುರ ಆಗತ್ತೆ. ಆದ್ರೆ ಆವಾಗ ಲೋದ ಅಷ್ಟೂ ಟಾರ್ಕ್ ಒಂದೇ ಆಕ್ಸಲ್ ಮೇಲೆ ಬೀಳತ್ತೆ ಅಂತ ನೆನಪಿರ್ಲಿ.

ದುಡ್ಡಿಗೆ ಯೋಚನೆ ಇಲ್ಲದವರಿಗೆ ಕ್ಯಾಲಿಫೋರ್ನಿಯಾದ ಅಡ್ವಾನ್ಸ್ ಅಡಾಪ್ಟರ್ಸ್‌ನವರ ಅಟ್ಲಾಸ್ ಇದೆ, ಗೇರ್ ಡ್ರೈವ್, ಎರಡು ಲಿವರ್, ಎಡ ಬಲ ಯಾವ ಕಡೆ ಬೇಕೋ ಹಾಗೆ, ಲೋ 2ರಿಂದ 5ರವರೆಗೆ ಆರಿಸ್ಕೋಬಹುದು. ಶಿಪ್ಪಿಂಗು, ಕಸ್ಟಮ್ಸು ಎಲ್ಲಾ ಸೇರಿದ ಬಿಲ್ ನೋಡಿದ್ರೆ ಮನೇಲಿ ಊಟ ಹಾಕಲ್ಲ. ನಮ್ಮಲ್ಲೇ ಆಗೋದನ್ನೂ ಮರೀಬೇಡಿ, ಮೊದಲು ಬೋರ್ಗ್‌ವಾರ್ನರ್ ಜೊತೆ ಜಂಟಿಯಾಗಿದ್ದು ಈಗ ದಿವ್ಗಿ ಟಾರ್ಕ್‌ಟ್ರಾನ್ಸ್‌ಫರ್ ಸಿಸ್ಟಮ್ಸ್ ಅಂತ ಇರೋ ಪುಣೆಯ ಕಂಪನಿ ಟಿ-ಕೇಸ್ ಮಾಡೋದು, ಅವರ ಫ್ಯಾಕ್ಟರಿ ಒಂದು ನಮ್ಮ ಶಿರಸೀಲೇ ಇದೆ. ಮಹೀಂದ್ರಾ ಫೋರ್‌ವೀಲ್ ಗಾಡಿಗಳ ಟಿ-ಕೇಸ್ ಗುಜರೀಲಿ ಸಿಗತ್ತೆ, ಬೇರಿಂಗು ಸೀಲು ಬಿಡಿಭಾಗಾನೂ ಸಿಗತ್ತೆ. ಬೇರಿಂಗ್ ಹೋದಾಗ ಎರಡು ದಿನದಲ್ಲಿ ಸಾಮಾನು ಸಿಗೋದು ನನ್ನ ಪ್ರಕಾರ ಯಾವ ರೇಶಿಯೋಗಿಂತಲೂ ಮುಖ್ಯ.

ಗುಜರೀಲಿ ತಗೊಳ್ಳೋವಾಗ ಎಣ್ಣೆ ಒರೆಸಿದ ಹೊಳಪು ನೋಡಿ ಮರುಳಾಗಬೇಡಿ. ಲೋಗೆ ಹಾಕಿ, ಇನ್‌ಪುಟ್ ಮೇಲೂ ಔಟ್‌ಪುಟ್ ಫ್ಲ್ಯಾಂಜ್ ಮೇಲೂ ಸೀಮೆಸುಣ್ಣದ ಗೀಟು ಎಳೆದು, ಔಟ್‌ಪುಟ್ ಸರಿಯಾಗಿ ಒಂದು ಸುತ್ತು ಬರೋವರೆಗೆ ಇನ್‌ಪುಟ್ ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿ. ಲೋ 2.46 ಅಂತ ಮಾರೋನು ಹೇಳಿದ್ರೆ ಎರಡೂವರೆ ಹತ್ರ ಬಂದ್ರೆ ಸರಿ, ಎರಡಕ್ಕೇ ನಿಂತ್ರೆ ಅದು ಮಾರೋನು ಹೇಳಿದ ಕೇಸ್ ಅಲ್ಲ. ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಕಟಕ್ ಅಂದ್ರೆ ಬೇರಿಂಗ್ ಹೋಗಿದೆ. ಡ್ರೈನ್ ನಟ್ ಬಿಚ್ಚಿ ಸ್ವಲ್ಪ ಆಯಿಲ್ ಅಂಗೈಗೆ ಹಾಕಿ ಬಿಸಿಲಿಗೆ ಹಿಡೀರಿ, ಸಣ್ಣ ಮಿನುಗು ಇದ್ರೆ ಅದು ಸವೆತ, ನಡೆಯತ್ತೆ, ಬೆರಳಿಗೆ ಚೂರು ಸಿಕ್ರೆ ಬಿಟ್ಟು ಬನ್ನಿ. ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ನೀರು ಹೋಗಿದೆ. ಹಳೇ ವಿಲ್ಲೀಸ್ ಥರದವರಿಗೆ ಇನ್ನೊಂದು, ಅವುಗಳ ಹ್ಯಾಂಡ್‌ಬ್ರೇಕ್ ಡ್ರಮ್ಮು ಟಿ-ಕೇಸ್ ಹಿಂದೇನೇ ಇರತ್ತೆ, ಬೇರೆ ಕೇಸ್ ಹಾಕಿದ್ರೆ ಹ್ಯಾಂಡ್‌ಬ್ರೇಕೇ ಇಲ್ಲದ ಗಾಡಿ ಆಗತ್ತೆ, ಅದಕ್ಕೆ ವ್ಯವಸ್ಥೆ ಮೊದಲೇ ಯೋಚಿಸಿ.

ಕೂರಿಸಿದ ಮೇಲೆ ಆಯಿಲ್. ಗೇರಿನ ಕೇಸ್‌ಗೆ ಗೇರ್ ಆಯಿಲ್, ಎನ್‌ಪಿ231, ಬೋರ್ಗ್‌ವಾರ್ನರ್ 1356 ಥರದ ಚೈನ್ ಕೇಸ್‌ಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ತೆಳು ಆಯಿಲ್), ಗ್ಯಾರೇಜಲ್ಲಿ ಎಲ್ಲಾದಕ್ಕೂ ದಪ್ಪ ತೊಂಬತ್ತರ ಆಯಿಲ್ ಸುರಿಯೋ ಅಭ್ಯಾಸ ಇದೆ, ನಿಂತು ನೋಡ್ಕೊಳ್ಳಿ. ಬ್ರೀದರ್‌ಗೆ (ಕೇಸಿನ ಗಾಳಿ ತೂತಿಗೆ) ಒಂದು ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ತನ್ನಿ, ಇಲ್ಲಾಂದ್ರೆ ಬಿಸಿ ಕೇಸ್ ಹಳ್ಳದ ತಣ್ಣೀರಿಗೆ ಇಳಿದ ತಕ್ಷಣ ಸೀಲಿಂದ ನೀರು ಎಳ್ಕೊಳ್ಳತ್ತೆ.

ಕಾನೂನಿನ ಮಾತು ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರೀಲಿ ಸುಪ್ರೀಂ ಕೋರ್ಟೇ ಹೇಳಿದೆ. ಟಿ-ಕೇಸ್ ಒಳಗಿನ ಗೇರು ಯಾರ ಕಣ್ಣಿಗೂ ಬೀಳಲ್ಲ ನಿಜ, ಆದ್ರೆ ಅದರ ಜೊತೆಗೆ ಬರೋ ಬೇರೆ ಇಂಜಿನ್ನು, ಅಗಲದ ಆಕ್ಸಲ್ಲು, ಹೊರಗೆ ಚಾಚಿರೋ ಟೈರು ಎಲ್ಲರಿಗೂ ಕಾಣತ್ತೆ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರಿಗೂ ಕಾಣತ್ತೆ. ಗೋವಾದ ಆರ್‌ಎಫ್‌ಸಿಯಂಥ (ರೇನ್‌ಫಾರೆಸ್ಟ್ ಚಾಲೆಂಜ್) ಆಫ್‌ರೋಡ್ ಕಾಂಪಿಟಿಶನ್‌ಗೆ ಅಂತ ಪೂರ್ತಿ ಬದಲಾಯಿಸಿ ಕಟ್ಟಿದ ಗಾಡಿ ಆದ್ರೆ ರೋಡಿಗೆ ಇಳಿಸೋದೇ ಬೇಡ, ಟೋ ಟ್ರಕ್ ಮೇಲೆ ಹಾಕ್ಕೊಂಡು ಹೋಗಿ, ಆ ಬಾಡಿಗೇನೂ ಬಿಲ್ಡ್ ಬಜೆಟ್ಟಲ್ಲೇ ಸೇರಿಸ್ಕೊಳ್ಳಿ.